ಹಳೆಯ ಬೈಸಿಕಲ್ಲಿಗೆ ವಿದ್ಯುತ್ತಿನ ನೆರವು

ಶಿರಸಿಯ ಕಡೆಯಿಂದ ನಮ್ಮ ವಾಚಕಿಯೊಬ್ಬರು ಬರೆದ ಕಾಗದವು ಈ ತಿಂಗಳು ನಮ್ಮ ಮುಂದಿರುವುದು. ಅವರ ಯಜಮಾನರಿಗೆ ಈಗ ಅರುವತ್ತೆಂಟು ವರ್ಷ ವಯಸ್ಸು. ಉಪಾಧ್ಯಾಯ ವೃತ್ತಿಯಿಂದ ನಿವೃತ್ತರಾದ ಮೇಲೆಯೂ ದಿನಕ್ಕೊಮ್ಮೆ ಬೈಸಿಕಲ್ಲನ್ನೇರಿ ಐದು ಕಿಲೋಮೀಟರು ದೂರದ ಪೇಟೆಗೆ ಹೋಗಿ, ಕಾಯಿಪಲ್ಯವನ್ನು ಕೊಂಡು, ವಾಚನಾಲಯದಲ್ಲಿ ಪತ್ರಿಕೆಗಳನ್ನು ಓದಿ, ಹಳೆಯ ಸ್ನೇಹಿತರೊಡನೆ ನಾಲ್ಕು ಮಾತನಾಡಿ ಬರುವುದು ಅವರ ಪದ್ಧತಿ. ಒಂದು ವರ್ಷದಿಂದ ಮೊಣಕಾಲು ನೋವು ಹೆಚ್ಚಿ, ಏರು ಬಂದಲ್ಲೆಲ್ಲಾ ಇಳಿದು ತಳ್ಳಿಕೊಂಡು ಹೋಗಬೇಕಾಗಿದೆ. ಸ್ಕೂಟರನ್ನು ಹೊಸದಾಗಿ ಕಲಿಯಲು ಅವರು ಒಪ್ಪರು. ಬೈಸಿಕಲ್ಲನ್ನು ಬಿಡಲಂತೂ ಒಪ್ಪರು. ಪರಸ್ಥಳದಲ್ಲಿರುವ ಚಿರಂಜೀವಿಯು, ಟೈರಿಗೆ ಒತ್ತಿಕೊಂಡು ಚಕ್ರವನ್ನು ತಿರುಗಿಸುವ ಸಣ್ಣ ವಿದ್ಯುತ್ ಮೋಟಾರೊಂದನ್ನು ಕಳುಹಿಸುವೆನೆಂದು ಬರೆದಿದ್ದಾನಂತೆ. “ಇದನ್ನು ಹಾಕಿಸಬಹುದೇ? ಹಾಕಿಸಿದ ಮೇಲೆ ಅವರು ಮನೆ ಸೇರುವ ತನಕ ನಾನು ನೆಮ್ಮದಿಯಾಗಿ ಇರಬಹುದೇ?” ಎಂದು ಆ ತಾಯಿಯವರು ಕೇಳಿರುವರು.

ಮೊದಲನೆಯ ಪ್ರಶ್ನೆಗೆ ಉತ್ತರವು ಸುಲಭ. ಎರಡನೆಯದಕ್ಕೆ ಉತ್ತರ ಕೊಡಬೇಕಾದರೆ ಈ ಯಂತ್ರವು ಹೇಗೆ ಕೆಲಸ ಮಾಡುವುದು, ಎಲ್ಲಿ ಕೈಕೊಡುವುದು ಎಂಬುದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗುವುದು. ಇದೇ ಆಲೋಚನೆಯಲ್ಲಿರುವ ಇತರ ಗೃಹಸ್ಥರಿಗೂ ಇದರಿಂದ ಪ್ರಯೋಜನವಾದೀತೆಂದು ಈ ಸಲದ ಅಂಕಣವನ್ನೆಲ್ಲಾ ಇದಕ್ಕಾಗಿಯೇ ಮೀಸಲಿಟ್ಟಿದ್ದೇವೆ.

ಬೈಸಿಕಲ್ಲಿನ ಹಳೆಯ ಡೈನಮೋವನ್ನು ನೋಡದವರು ನಮ್ಮಲ್ಲಿ ಕಡಿಮೆ. ಸೀಸೆಯ ಆಕಾರದ ಆ ಪುಟ್ಟ ಯಂತ್ರವನ್ನು ಟೈರಿನ ಪಕ್ಕಕ್ಕೆ ಒರಗಿಸಿದರೆ ಚಕ್ರದೊಡನೆ ಅದರ ತಲೆಯೂ ತಿರುಗಿ, ವಿದ್ಯುತ್ತು ಹುಟ್ಟಿ, ದೀಪವು ಉರಿಯುತ್ತಿದ್ದಿತು. ಅಲ್ಲಿ ಚಕ್ರವು ಯಂತ್ರವನ್ನು ತಿರುಗಿಸುವುದು; ನಾವು ಈಗ ಹೇಳುತ್ತಿರುವ ಏರ್ಪಾಡಿನಲ್ಲಿ ಯಂತ್ರವು ಚಕ್ರವನ್ನು ತಿರುಗಿಸುವುದು. ಮೋಟಾರಿನ ತುದಿಗೆ ಒಂದು ಸಣ್ಣ ಉರುಳೆ ಇರುವುದು. ಅದನ್ನು ಟೈರಿನ ಮೇಲ್ಮೈಗೆ ಒತ್ತಿ ಹಿಡಿದಿರುವುದು. ಮೋಟಾರು ತಿರುಗಿದರೆ ಘರ್ಷಣೆಯ ಬಲದಿಂದ ಟೈರೂ ತಿರುಗುವುದು. ಇದಕ್ಕೆ ಬೇರೆ ಸರಪಳಿಯಿಲ್ಲ, ಹಲ್ಲುಚಕ್ರವಿಲ್ಲ. ಬೈಸಿಕಲ್ಲಿನ ಚಕ್ರವನ್ನು ಬದಲಾಯಿಸಬೇಕಾಗಿಯೂ ಇಲ್ಲ. ಬೇಡವಾದಾಗ ನಾಲ್ಕು ಬೋಲ್ಟುಗಳನ್ನು ಬಿಚ್ಚಿದರೆ ಬೈಸಿಕಲ್ಲು ಮೊದಲಿನಂತೆಯೇ ಆಗುವುದು. ಈ ಸರಳತೆಯೇ ಇದರ ದೊಡ್ಡ ಗುಣ.

ಇದು ನಿನ್ನೆ ಮೊನ್ನೆಯ ಕಲ್ಪನೆಯಲ್ಲ. 1899ರಷ್ಟು ಹಿಂದೆಯೇ ಅಮೆರಿಕದಲ್ಲಿ ಜಾನ್ ಷ್ನೆಪ್ಫ್ ಎಂಬಾತನು ಹಿಂದಿನ ಚಕ್ರಕ್ಕೆ ಉರುಳೆಯನ್ನು ಒತ್ತುವ ವಿದ್ಯುತ್ ಬೈಸಿಕಲ್ಲಿಗೆ ಪೇಟೆಂಟನ್ನು ಪಡೆದಿದ್ದನು. ಎರಡನೆಯ ಮಹಾಯುದ್ಧವು ಮುಗಿದು ಯೂರೋಪಿನ ಸಂಸಾರಗಳು ಬಡತನದಲ್ಲಿದ್ದಾಗ ಇದೇ ಉಪಾಯವು ಪೆಟ್ರೋಲ್ ಎಂಜಿನ್ನಿನೊಡನೆ ಮತ್ತೆ ತಲೆಯೆತ್ತಿತು. ಫ್ರಾನ್ಸಿನ ವೆಲೋಸೋಲೆಕ್ಸ್ 1946ರಲ್ಲಿ ಮಾರಾಟಕ್ಕೆ ಬಂದಿತು. ಅದರ ಎಂಜಿನ್ನು ಮುಂದಿನ ಚಕ್ರದ ಮೇಲೆ ಕುಳಿತು ಉರುಳೆಯ ಮೂಲಕ ಟೈರನ್ನು ತಿರುಗಿಸುತ್ತಿದ್ದಿತು. ಮುಂದಿನ ನಾಲ್ಕು ದಶಕಗಳಲ್ಲಿ ಅಂತಹವು ಲಕ್ಷಗಟ್ಟಲೆ ಮಾರಾಟವಾದುವು. ಇಟಲಿಯ ಗಾರೆಲ್ಲಿ ಕಾರ್ಖಾನೆಯ ಮೊಸ್ಕೀಟೋ ಎಂಬ ಪುಟ್ಟ ಎಂಜಿನ್ನೂ ಅದೇ ಕಾಲದ್ದು, ಅದೇ ಉರುಳೆಯದು. 1994ರಲ್ಲಿ ಇಂಗ್ಲೆಂಡಿನ ಕ್ಲೈವ್ ಸಿಂಕ್ಲೇರ್ ಅವರು ಯಾವ ಬೈಸಿಕಲ್ಲಿಗಾದರೂ ಜೋಡಿಸಬಹುದಾದ ಜೀಟಾ ಎಂಬ ವಿದ್ಯುತ್ ಉಪಕರಣವನ್ನು ಹೊರತಂದರು. ಅಂದಿನ ಸೀಸದ ಬ್ಯಾಟರಿಗಳು ಭಾರವಾಗಿದ್ದುವು. ಈಗ ಲಿಥಿಯಂ ಬ್ಯಾಟರಿಗಳು ಹಗುರಾಗಿ ದೊರೆಯುವುದರಿಂದ ಹಳೆಯ ಉಪಾಯಕ್ಕೆ ಮತ್ತೆ ಕಾಲ ಬಂದಿದೆ.

ಉರುಳೆಯು ಅಷ್ಟು ಚಿಕ್ಕದಾಗಿರುವುದೇಕೆ ಎಂದು ಕೆಲವರು ಕೇಳುವರು. ನಮ್ಮ ಸಾಧಾರಣ ಬೈಸಿಕಲ್ಲಿನ 28 ಅಂಗುಲದ ಚಕ್ರವು, ಗಂಟೆಗೆ 20 ಕಿಲೋಮೀಟರು ವೇಗದಲ್ಲಿ, ನಿಮಿಷಕ್ಕೆ ಸುಮಾರು 150 ಸುತ್ತು ತಿರುಗುವುದು. ಸಣ್ಣ ಮೋಟಾರುಗಳಾದರೋ ನಿಮಿಷಕ್ಕೆ ಸಾವಿರಗಟ್ಟಲೆ ಸುತ್ತು ತಿರುಗಿದರೆ ಮಾತ್ರ ಚೆನ್ನಾಗಿ ಕೆಲಸ ಮಾಡುವುವು. ಉರುಳೆಯ ಅಡ್ಡಳತೆಯು 5 ಸೆಂಟಿಮೀಟರು ಇದ್ದರೆ, ಅದೇ ವೇಗಕ್ಕೆ ಅದು ನಿಮಿಷಕ್ಕೆ 2,100 ಸುತ್ತುಗಳಿಗೂ ಸ್ವಲ್ಪ ಹೆಚ್ಚಾಗಿ ತಿರುಗಬೇಕು. ಎಂದರೆ ಉರುಳೆಯು ಹದಿನಾಲ್ಕು ಸುತ್ತು ತಿರುಗಿದಾಗ ಚಕ್ರವು ಒಂದು ಸುತ್ತು ತಿರುಗುವುದು. ಹಲ್ಲುಚಕ್ರಗಳ ಪೆಟ್ಟಿಗೆಯು ಮಾಡಬೇಕಾದ ಕೆಲಸವನ್ನು ದೊಡ್ಡ ಚಕ್ರ ಮತ್ತು ಚಿಕ್ಕ ಉರುಳೆಗಳೇ ಖರ್ಚಿಲ್ಲದೆ ಮಾಡಿಕೊಡುವುವು.

ಇನ್ನು ಶಕ್ತಿಯ ವಿಚಾರ. ಸವಾರನೂ ಬೈಸಿಕಲ್ಲೂ ಮೋಟಾರೂ ಸೇರಿ 90 ಕಿಲೋಗ್ರಾಂ ತೂಕವೆಂದು ಇಟ್ಟುಕೊಳ್ಳೋಣ. ಮಟ್ಟಸವಾದ ಒಳ್ಳೆಯ ರಸ್ತೆಯಲ್ಲಿ ಗಂಟೆಗೆ 20 ಕಿಲೋಮೀಟರು ಹೋಗಲು ಚಕ್ರದಲ್ಲಿ ಸುಮಾರು 110 ವಾಟು ಶಕ್ತಿ ಸಾಕು. ಇಪ್ಪತ್ತು ಅಡಿ ಮುಂದೆ ಹೋಗುವಷ್ಟರಲ್ಲಿ ಒಂದು ಅಡಿ ಏರುವ ರಸ್ತೆಯನ್ನು ಗಂಟೆಗೆ 12 ಕಿಲೋಮೀಟರು ವೇಗದಲ್ಲಿ ಹತ್ತಬೇಕಾದರೆ ಸುಮಾರು 190 ವಾಟು ಬೇಕಾಗುವುದು. 250 ವಾಟಿನ ಮೋಟಾರು ಉರುಳೆಯಲ್ಲಿ ಆಗುವ ನಷ್ಟವನ್ನು ಕಳೆದು, ಸವಾರನು ತನ್ನ ಪಾಲಿನದನ್ನು ಮೆಲ್ಲಗೆ ತುಳಿಯುತ್ತಿದ್ದರೆ, ಈ ಏರನ್ನು ಹತ್ತಿಸಬಲ್ಲುದು. ಹತ್ತು ಅಡಿಗೆ ಒಂದು ಅಡಿಯಂತೆ ಏರುವ ಕಡಿದಾದ ರಸ್ತೆಯಲ್ಲಿ ಬೇಕಾಗುವ ಬಲವು ಹೆಚ್ಚು ಕಡಿಮೆ ಇಮ್ಮಡಿಯಾಗುವುದು. ಅಲ್ಲಿ ವೇಗವು ತಗ್ಗಿ, ಮೋಟಾರು ಮುಕ್ಕರಿದು ಕಾದುಹೋಗುವುದು. ಅಂತಹ ಏರಿನಲ್ಲಿ ಹಿಂದಿನಂತೆ ಇಳಿದು ನಡೆಯುವುದೇ ಲೇಸು.

ಆದರೆ ಈ ಯಂತ್ರದ ಗುಟ್ಟು ಮೋಟಾರಿನಲ್ಲಿಲ್ಲ, ಒತ್ತಡದಲ್ಲಿದೆ. ಮೇಲೆ ಹೇಳಿದ ಮೊದಲನೆಯ ಏರನ್ನು ಹತ್ತಲು ಟೈರನ್ನು ಸುಮಾರು 6 ಕಿಲೋಗ್ರಾಂ ಬಲದಿಂದ ಮುಂದಕ್ಕೆ ನೂಕಬೇಕು. ಒಣಗಿದ ರಬ್ಬರಿನ ಮೇಲೆ ಉರುಳೆಯು, ಸ್ಥೂಲವಾಗಿ, ತಾನು ಒತ್ತುವ ಬಲದ ಅರ್ಧದಷ್ಟನ್ನು ಮಾತ್ರವೇ ನೂಕುಬಲವಾಗಿ ಕೊಡಬಲ್ಲುದು. ಆದುದರಿಂದ ಉರುಳೆಯನ್ನು 12 ಕಿಲೋಗ್ರಾಂ ಬಲದಿಂದ ಒತ್ತಿ ಹಿಡಿಯಬೇಕು. ಒತ್ತಡವು ಕಡಿಮೆಯಾದರೆ ಉರುಳೆಯು ಜಾರುವುದು. ಹೆಚ್ಚಾದರೆ ಟೈರು ಬೇಗ ಸವೆಯುವುದಲ್ಲದೆ, ಮೋಟಾರು ನಿಂತಿರುವಾಗಲೂ ಬೈಸಿಕಲ್ಲನ್ನು ತುಳಿಯುವುದು ಭಾರವಾಗುವುದು. ಟೈರು ಮಳೆಯಲ್ಲಿ ನೆನೆದಾಗಲಂತೂ ಹಿಡಿತವು ಅರ್ಧಕ್ಕಾಗಲಿ ಅದಕ್ಕಿಂತಲೂ ಕೆಳಕ್ಕಾಗಲಿ ಇಳಿಯುವುದು. ಒಣ ದಿನದಲ್ಲಿ ಚೆನ್ನಾಗಿ ಹತ್ತಿದ ಏರಿನಲ್ಲಿಯೇ ಮಳೆಯ ದಿನ ಮೋಟಾರು ಬರಿದೆ ಕಿರುಚುವುದು. ಬೈಸಿಕಲ್ಲು ಮುಂದಕ್ಕೆ ಸರಿಯದು. ಉತ್ತಮ ಉಪಕರಣಗಳಲ್ಲಿ ಮೋಟಾರನ್ನು ತೂಗಾಡುವ ತೋಳಿನ ಮೇಲೆ ಕೂರಿಸಿರುವರು. ಅಂತಹುದರಲ್ಲಿ ಮೋಟಾರು ಎಳೆಯತೊಡಗಿದೊಡನೆ ಉರುಳೆಯು ತಾನಾಗಿಯೇ ಟೈರಿನೊಳಕ್ಕೆ ಒತ್ತಿಕೊಳ್ಳುವುದು. ಮೋಟಾರು ನಿಂತರೆ ದೂರ ಸರಿಯುವುದು. ಕೊಳ್ಳುವವರು ಈ ಗುಣವಿದೆಯೇ ಎಂದು ಮೊದಲು ವಿಚಾರಿಸಬೇಕು.

ನಮ್ಮ ಅನುಭವದಿಂದಲೇ ಒಂದು ಮಾತನ್ನು ಹೇಳುವೆವು. ಮನೆಯ ಹಳೆಯ ಬೈಸಿಕಲ್ಲಿಗೆ ಇಂತಹುದೊಂದನ್ನು ಜೋಡಿಸಿದ ಮೊದಲನೆಯ ವಾರ, ಏರಿನ ಬುಡದಲ್ಲಿ ಬೈಸಿಕಲ್ಲಿನ ಮೇಲೆ ಕುಳಿತು, ಒಂದು ಕಾಲನ್ನು ನೆಲಕ್ಕೂರಿ, ತುಳಿಯದೆಯೇ ಸ್ವಿಚ್ಚನ್ನು ಒತ್ತಿದೆವು. ಬೈಸಿಕಲ್ಲು ಕದಲಲಿಲ್ಲ, ಉರುಳೆಯು ಮಾತ್ರ ನಿಂತ ಟೈರಿನ ಮೇಲೆ ಗಿರ್ರನೆ ತಿರುಗಿತು. ನಾವು ಗಾಬರಿಯಿಂದ ಸ್ವಿಚ್ಚನ್ನು ಬಿಡುವುದರೊಳಗಾಗಿ ರಬ್ಬರು ಸುಟ್ಟ ವಾಸನೆ ಬಂದಿತು. ಇಳಿದು ನೋಡಲು, ಟೈರಿನಲ್ಲಿ ಹೆಬ್ಬೆರಳಿನಗಲದ ಹಳ್ಳ ಬಿದ್ದು ಒಳಗಿನ ದಾರವು ಕಾಣುತ್ತಿದ್ದಿತು. ತಪ್ಪು ಯಂತ್ರದ್ದಲ್ಲ, ನಮ್ಮದೇ. ಅಂದಿನಿಂದ ನಮ್ಮ ಮನೆಯಲ್ಲಿ ಒಂದು ಕಟ್ಟಳೆಯಾಗಿದೆ: ಚಕ್ರವು ಉರುಳತೊಡಗಿದ ಮೇಲೆಯೇ ಮೋಟಾರು. ಮೊದಲ ಎರಡು ಮೂರು ತುಳಿತಗಳನ್ನು ಕಾಲೇ ಕೊಡಬೇಕು. ಮೊಣಕಾಲಿನ ನೋವಿರುವವರು ಈ ಅಂಶವನ್ನು ಚೆನ್ನಾಗಿ ಗಮನಿಸತಕ್ಕದ್ದು; ಏಕೆಂದರೆ ನಿಂತ ಬೈಸಿಕಲ್ಲನ್ನು ಹೊರಡಿಸುವಾಗಲೇ ಮೊಣಕಾಲಿಗೆ ಹೆಚ್ಚು ಶ್ರಮ. ಅಷ್ಟನ್ನೂ ತುಳಿಯಲಾರದವರಿಗೆ ಈ ಉರುಳೆಯ ಮೋಟಾರು ತಕ್ಕುದಲ್ಲ.

ಜೋಡಿಸುವುದಕ್ಕೆ ಮುಂಚೆ ಬೈಸಿಕಲ್ಲನ್ನೇ ಪರೀಕ್ಷಿಸಬೇಕು. ಹಿಂದಿನ ಚಕ್ರವನ್ನು ನೆಲದಿಂದೆತ್ತಿ ತಿರುಗಿಸಿ ನೋಡಿರಿ. ಅದು ಎಡಕ್ಕೂ ಬಲಕ್ಕೂ ಓಲಾಡಿದರೆ ಅಥವಾ ಮೇಲಕ್ಕೂ ಕೆಳಕ್ಕೂ ಕುಣಿದರೆ, ಉರುಳೆಯು ಒಂದು ಕಡೆ ಬಿಗಿಯಾಗಿಯೂ ಇನ್ನೊಂದು ಕಡೆ ಸಡಿಲವಾಗಿಯೂ ತಗುಲುವುದು. ಸೈಕಲ್ ಷಾಪಿನಲ್ಲಿ ಕಡ್ಡಿಗಳನ್ನು ಸರಿಮಾಡಿಸಿ ಬೆಂಡು ತೆಗೆಸಿದಲ್ಲದೆ ಮುಂದಿನ ಕೆಲಸವನ್ನು ಮಾಡಲೇಬಾರದು. ಟೈರಿನ ಮೈಯಲ್ಲಿ ದೊಡ್ಡ ಗುಬುಟುಗಳಿರಬಾರದು. ನಡುವೆ ಸಮನಾದ ಪಟ್ಟಿಯಿರುವ ಟೈರು ಒಳ್ಳೆಯದು. ಬಿರುಕು ಬಿಟ್ಟ ಹಳೆಯ ಟೈರನ್ನು ತೆಗೆದು ಹೊಸದನ್ನು ಹಾಕಿಸಬೇಕು. ಟೈರಿನ ಪಕ್ಕದಲ್ಲಿ ಅಚ್ಚೊತ್ತಿರುವ ಪ್ರಮಾಣದಷ್ಟು ಗಾಳಿಯನ್ನು ವಾರಕ್ಕೊಮ್ಮೆ ತಪ್ಪದೆ ತುಂಬಿಸಬೇಕು. ಗಾಳಿಯು ಇಳಿದರೆ ಟೈರು ಕುಗ್ಗಿ, ಉರುಳೆಯ ಒತ್ತಡವೂ ಇಳಿಯುವುದು.

ಜೋಡಿಸುವ ಸ್ಥಳವನ್ನು ಆರಿಸುವಾಗ ನಮ್ಮ ದೇಶದ ಬೈಸಿಕಲ್ಲುಗಳಲ್ಲಿ ಒಂದು ತೊಡಕುಂಟು. ಅನೇಕ ಉಪಕರಣಗಳು ಸೀಟಿನ ಕೆಳಗಿನ ಕೊಳವೆಗೆ ಬಿಗಿದು ಹಿಂದಿನ ಟೈರಿನ ಮೇಲೆ ಕೂರುವಂತೆ ಮಾಡಲ್ಪಟ್ಟಿವೆ. ನಮ್ಮ ಬೈಸಿಕಲ್ಲುಗಳಲ್ಲಿ ಅಲ್ಲಿ ಉಕ್ಕಿನ ಮಡ್‌ಗಾರ್ಡೂ ಕ್ಯಾರಿಯರೂ ಅಡ್ಡ ಬರುವುವು. ಮಡ್‌ಗಾರ್ಡನ್ನು ಉರುಳೆಯ ಅಗಲಕ್ಕೆ ಕತ್ತರಿಸಿ, ಅಂಚನ್ನು ಅರದಿಂದ ಉಜ್ಜಿ ನುಣುಪುಮಾಡಿ, ಕತ್ತರಿಸಿದ ಎರಡು ತುಂಡುಗಳನ್ನೂ ಅಲುಗದಂತೆ ಬಿಗಿಸಬೇಕು. ಸಡಿಲವಾದ ತುಂಡು ಚಕ್ರಕ್ಕೆ ಸಿಕ್ಕಿದರೆ ಅಪಾಯ. ಕ್ಯಾರಿಯರಿಗೆ ಮೋಟಾರನ್ನು ಬಿಗಿಯುವ ಆಸೆಯು ಬೇಡ. ಅದು ಬಾಗುವುದು, ಒತ್ತಡವು ನಿಲ್ಲದು. ಮುಂದಿನ ಚಕ್ರದ ಮೇಲೆ ಜೋಡಿಸಿದರೆ ಹ್ಯಾಂಡಲು ಭಾರವಾಗುವುದು. ವಯಸ್ಸಾದವರಿಗೆ ಅದು ಸಲ್ಲದು.

ಕೆಲಸದ ಕ್ರಮವು ಹೀಗಿರಲಿ. ಮೊದಲು ಬ್ಯಾಟರಿಯನ್ನು ಬೇರೆಯಾಗಿಯೇ ಇಟ್ಟು, ಮೋಟಾರನ್ನು ಸಡಿಲವಾಗಿ ಕೂರಿಸಿ, ಉರುಳೆಯು ಟೈರಿನ ನಟ್ಟನಡುವೆ ನೆಟ್ಟಗೆ ಕೂರುವುದೇ ಎಂದು ಹಿಂದಿನಿಂದ ನೋಡಬೇಕು. ಓರೆಯಾಗಿದ್ದರೆ ಟೈರಿನ ಒಂದು ಪಕ್ಕವು ಸವೆಯುವುದು. ಅನಂತರ ಬೋಲ್ಟುಗಳನ್ನು ಬಿಗಿದು, ಸ್ಪ್ರಿಂಗಿನ ಒತ್ತಡವನ್ನು ಕಡಿಮೆಯಿಂದ ಆರಂಭಿಸಿ, ಏರಿನಲ್ಲಿ ಜಾರದಷ್ಟಕ್ಕೆ ಮಾತ್ರ ಹೆಚ್ಚಿಸುತ್ತಾ ಬರಬೇಕು. ತಂತಿಗಳನ್ನು ಪೆಡಲಿಗೂ ಕಡ್ಡಿಗೂ ಸಿಗದಂತೆ ಫ್ರೇಮಿಗೆ ಕಟ್ಟಬೇಕು. ಬ್ಯಾಟರಿಯ ಹತ್ತಿರವೇ ತಕ್ಕ ಫ್ಯೂಸು ಇರಬೇಕು. ಬ್ರೇಕನ್ನು ಹಿಡಿದೊಡನೆ ಮೋಟಾರಿಗೆ ವಿದ್ಯುತ್ತು ನಿಲ್ಲುವಂತೆ ಮಾಡುವ ಸಣ್ಣ ಸ್ವಿಚ್ಚೊಂದನ್ನು ಬ್ರೇಕಿನ ಹಿಡಿಗೆ ಅವಶ್ಯವಾಗಿ ಹಾಕಿಸಬೇಕು. ಉಕ್ಕಿನ ಸರಳುಗಳ ಹಳೆಯ ಬ್ರೇಕಿಗೆ ಇದು ಸಿದ್ಧವಾಗಿ ಹೊಂದಿಕೊಳ್ಳದು. ತಿಳಿದ ಮೆಕ್ಯಾನಿಕ್ಕನಿಂದ ಮಾಡಿಸಬೇಕಾಗುವುದು. ಇದಕ್ಕಾಗುವ ಖರ್ಚನ್ನು ಉಳಿಸಬಾರದು. ಮೊದಲ ಹತ್ತು ಕಿಲೋಮೀಟರು ಓಡಿದ ಮೇಲೆ ಎಲ್ಲ ಬೋಲ್ಟುಗಳನ್ನೂ ಮತ್ತೊಮ್ಮೆ ಬಿಗಿಸಬೇಕು.

ಗೃಹಿಣಿಯರು ವಿಶೇಷವಾಗಿ ತಿಳಿಯಬೇಕಾದುದು ಬ್ಯಾಟರಿಯ ವಿಚಾರ. ಏಕೆಂದರೆ ಬೈಸಿಕಲ್ಲು ಹೊರಗೆ ನಿಂತರೂ ಬ್ಯಾಟರಿಯು ಮನೆಯೊಳಕ್ಕೆ ಬರುವುದು. 36 ವೋಲ್ಟು, 10 ಆಂಪಿಯರ್-ಗಂಟೆಯ ಲಿಥಿಯಂ ಬ್ಯಾಟರಿಯಲ್ಲಿ 360 ವಾಟ್-ಗಂಟೆಯಷ್ಟು ಶಕ್ತಿಯಿರುವುದು. ಅದನ್ನು ತುಂಬಲು ಅರ್ಧ ಯೂನಿಟ್ಟಿಗಿಂತಲೂ ಕಡಿಮೆ ವಿದ್ಯುತ್ತು ಸಾಕು. ಮಟ್ಟಸವಾದ ರಸ್ತೆಯಲ್ಲಿ 25-30 ಕಿಲೋಮೀಟರಿಗೆ ಅದು ಬರುವುದೆಂದು ನಂಬಬಹುದು. ಏರುತಗ್ಗಿನ ಊರಿನಲ್ಲಿ ಅಷ್ಟು ಬಾರದು. ಖರ್ಚು ಅಲ್ಪವೇ ಸರಿ. ಆದರೆ ಲಿಥಿಯಂ ಬ್ಯಾಟರಿಯು ಕೆಟ್ಟು ಹತ್ತಿಕೊಂಡರೆ ಆ ಬೆಂಕಿಯು ಕಂಬಳಿ ಮುಚ್ಚಿದ ಮಾತ್ರಕ್ಕೆ ಆರುವುದಿಲ್ಲ. ಅದರ ಹೊಗೆಯೂ ವಿಷ. 2022ರ ಸೆಪ್ಟೆಂಬರಿನಲ್ಲಿ ಸಿಕಂದರಾಬಾದಿನ ಒಂದು ಕಟ್ಟಡದ ಕೆಳಭಾಗದಲ್ಲಿ ವಿದ್ಯುತ್ ಸ್ಕೂಟರುಗಳಿದ್ದ ಮಳಿಗೆಗೆ ಬೆಂಕಿ ಬಿದ್ದು, ಹೊಗೆಯು ಮೆಟ್ಟಿಲುಗಳ ಮೂಲಕ ಮೇಲಿನ ವಸತಿಗೃಹವನ್ನು ತುಂಬಿ, ಎಂಟು ಮಂದಿ ಪ್ರಾಣ ಕಳೆದುಕೊಂಡರು. ಬೈಸಿಕಲ್ಲಿನ ಬ್ಯಾಟರಿಯು ಚಿಕ್ಕದು. ಆದರೂ ಪಾಠವು ಒಂದೇ.

ಆದಕಾರಣ ಬ್ಯಾಟರಿಯನ್ನು ಬಾಗಿಲ ಬಳಿಯಲ್ಲಾಗಲಿ, ಮೆಟ್ಟಿಲ ಕೆಳಗಾಗಲಿ, ಮಲಗುವ ಕೋಣೆಯಲ್ಲಾಗಲಿ ಚಾರ್ಜಿಗೆ ಇಡಬಾರದು. ಜಗಲಿಯಂತಹ ಗಾಳಿಯಾಡುವ ಸ್ಥಳದಲ್ಲಿ, ಬಿಸಿಲು ಮಳೆ ತಾಗದಂತೆ, ಕಲ್ಲಿನ ನೆಲದ ಮೇಲೆ, ಹಾಸಿಗೆ ಬಟ್ಟೆಗಳಿಂದ ದೂರದಲ್ಲಿ ಇಡಬೇಕು. ರಾತ್ರಿ ಚಾರ್ಜಿಗೆ ಹಾಕಿ ಮಲಗುವ ಅಭ್ಯಾಸವು ಖಂಡಿತ ಕೂಡದು. ಮನೆಯವರು ಎಚ್ಚರವಾಗಿರುವ ಹೊತ್ತಿನಲ್ಲಿಯೇ ಆ ಕೆಲಸವು ಮುಗಿಯಲಿ. ಆ ಬ್ಯಾಟರಿಯೊಡನೆ ಬಂದ ಚಾರ್ಜರನ್ನೇ ಉಪಯೋಗಿಸಬೇಕು. ಕೆಳಗೆ ಬಿದ್ದ, ನೀರಿನಲ್ಲಿ ನೆನೆದ ಅಥವಾ ಉಬ್ಬಿದ ಬ್ಯಾಟರಿಯನ್ನು, ಅದೆಷ್ಟೇ ಬೆಲೆಬಾಳುವುದಾದರೂ, ಮತ್ತೆ ಚಾರ್ಜಿಗೆ ಹಾಕಬಾರದು.

ಕಾನೂನಿನ ಮಾತನ್ನೂ ಹೇಳಬೇಕು. ನಮ್ಮ ದೇಶದ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ, ಪೆಡಲಿಗೆ ನೆರವಾಗುವ ಮೋಟಾರಿನ ಮೂವತ್ತು ನಿಮಿಷಗಳ ಸಾಮರ್ಥ್ಯವು 250 ವಾಟಿಗಿಂತ ಕಡಿಮೆಯಿರಬೇಕು. ವೇಗವು ಗಂಟೆಗೆ 25 ಕಿಲೋಮೀಟರನ್ನು ಮುಟ್ಟುವುದರೊಳಗೆ ಅದರ ಬಲವು ಕ್ರಮೇಣ ತಗ್ಗಿ ನಿಲ್ಲಬೇಕು. ಸವಾರನು ತುಳಿಯುವುದನ್ನು ಬಿಟ್ಟರೂ ನಿಲ್ಲಬೇಕು. ತಕ್ಕ ಬ್ರೇಕುಗಳೂ, ಮುಂದೆ ಬಿಳಿಯ ಹಿಂದೆ ಕೆಂಪು ಪ್ರತಿಫಲಕಗಳೂ ಇರಬೇಕು. ಬ್ಯಾಟರಿಯನ್ನು ಬಿಟ್ಟು ವಾಹನದ ತೂಕವು 60 ಕಿಲೋಗ್ರಾಂ ಮೀರಬಾರದು. ಇವೆಲ್ಲವನ್ನೂ ನಿಯಮಿತವಾದ ಪರೀಕ್ಷಾ ಸಂಸ್ಥೆಯು ಪರಿಶೀಲಿಸಿರಬೇಕೆಂದೂ ನಿಯಮವುಂಟು. ಮಾರುವವರಲ್ಲಿ ಆ ಪತ್ರವನ್ನು ಕೇಳಿರಿ. ಈ ಮಿತಿಯನ್ನು ದಾಟಿದರೆ ಬೈಸಿಕಲ್ಲು ಬೈಸಿಕಲ್ಲಾಗಿ ಉಳಿಯದೆ ಮೋಟಾರು ವಾಹನವಾಗುವುದು. ಆಗ ನೋಂದಣಿ, ವಿಮೆ, ಲೈಸೆನ್ಸುಗಳೆಲ್ಲ ಬೇಕಾಗುವುವು. 500 ವಾಟು, 750 ವಾಟು ಎಂದು ಆಸೆ ತೋರಿಸುವ ಜಾಹೀರಾತುಗಳಿಗೆ ಮರುಳಾಗಬಾರದು. ಹಳೆಯ ಬೈಸಿಕಲ್ಲಿನ ಬ್ರೇಕು ಆ ವೇಗಕ್ಕಾಗಿ ಮಾಡಿದುದೂ ಅಲ್ಲ.

ಈಗ ಶಿರಸಿಯ ತಾಯಿಯವರಿಗೆ ನಮ್ಮ ಉತ್ತರ. ತಮ್ಮ ಯಜಮಾನರು ಮೊದಲ ಎರಡು ತುಳಿತಗಳನ್ನು ನೋವಿಲ್ಲದೆ ತುಳಿಯಬಲ್ಲರಾದರೆ, ವೈದ್ಯರೂ ಬೈಸಿಕಲ್ಲನ್ನು ಬೇಡವೆನ್ನದಿದ್ದರೆ, ದೀಪಾವಳಿಯಿಂದ ಮುಂಗಾರಿನವರೆಗಿನ ಒಣ ತಿಂಗಳುಗಳಲ್ಲಿ ಈ ಉರುಳೆಯ ಮೋಟಾರು ಅವರಿಗೆ ನಿಜವಾಗಿಯೂ ನೆರವಾಗುವುದು. ಆದರೆ ತಮ್ಮ ಊರಿನ ಮಳೆಗಾಲವು ಇದಕ್ಕೆ ಹೇಳಿದುದಲ್ಲ. ಜೂನಿನಿಂದ ಸೆಪ್ಟೆಂಬರಿನ ಕೊನೆಯವರೆಗೆ ಅದನ್ನು ಬಿಚ್ಚಿ ಒಳಗಿಡಬೇಕು. ವರ್ಷವೆಲ್ಲ ನೆರವು ಬೇಕೆಂದಾದರೆ ಚಕ್ರದ ಗುಂಬದೊಳಗೇ ಇರುವ ಮೋಟಾರನ್ನು ತರಿಸಿರಿ. ಅದರ ಎಳೆತಕ್ಕೆ ಉರುಳೆಯ ಹಿಡಿತದ ಹಂಗಿಲ್ಲ. ಚಕ್ರವನ್ನೇ ಬದಲಾಯಿಸಬೇಕು, ಪಂಕ್ಚರು ತೆಗೆಯುವುದು ಸ್ವಲ್ಪ ತೊಡಕು ಎಂಬುದಷ್ಟೇ ಅದರ ಕೊರತೆ.

ನೆಮ್ಮದಿಯ ಪ್ರಶ್ನೆಗೆ ಉತ್ತರವು ಮೋಟಾರಿನಲ್ಲಿಲ್ಲ, ಬ್ರೇಕಿನಲ್ಲಿದೆ. ಇಷ್ಟು ದಿನ ತಳ್ಳಿಕೊಂಡು ಹೋಗುತ್ತಿದ್ದವರು ಇನ್ನು ಮೇಲೆ ಏರನ್ನು ಸಲೀಸಾಗಿ ಹತ್ತುವರು. ಹತ್ತಿದ ಮೇಲೆ ಇಳಿಯಲೂ ಬೇಕು. ಇಳಿಜಾರಿನಲ್ಲಿ ಮೋಟಾರು ಅವರನ್ನು ತಡೆದು ನಿಲ್ಲಿಸದು. ಉಕ್ಕಿನ ರಿಮ್ಮು ನೆನೆದಿರುವಾಗ ಹಳೆಯ ಬ್ರೇಕುಗಳ ಹಿಡಿತವು ಬಹಳ ಕಡಿಮೆ. ಆದುದರಿಂದ ಚಿರಂಜೀವಿಯು ಮೋಟಾರನ್ನು ಕಳುಹಿಸುವ ಮುನ್ನ ಎರಡೂ ಬ್ರೇಕುಗಳಿಗೆ ಹೊಸ ರಬ್ಬರುಗಳನ್ನು ಹಾಕಿಸಲಿ. ಸಾಧ್ಯವಾದರೆ ತಾನೇ ಎರಡು ದಿನ ಊರಿಗೆ ಬಂದು, ತಂದೆಯವರ ಜೊತೆಯಲ್ಲಿ ಬೆಳಗಿನ ಹೊತ್ತು, ವಾಹನಗಳು ಕಡಿಮೆಯಿರುವ ರಸ್ತೆಯಲ್ಲಿ, ನಾಲ್ಕು ಸಲ ಹೋಗಿ ಬರಲಿ. ಬ್ರೇಕು ಹಿಡಿದರೆ ಮೋಟಾರು ನಿಲ್ಲುವುದನ್ನು ಅವರು ತಮ್ಮ ಕೈಯಾರೆ ಪರೀಕ್ಷಿಸಿ ನಂಬಲಿ. ಇಷ್ಟನ್ನು ಮಾಡಿದಲ್ಲಿ, ಸಂಜೆ ಬೈಸಿಕಲ್ಲಿನ ಗಂಟೆಯು ಅಂಗಳದಲ್ಲಿ ಕೇಳಿಸುವವರೆಗೆ ತಾವು ಹಿಂದಿಗಿಂತ ಹೆಚ್ಚು ಚಿಂತೆಪಡಬೇಕಾದ ಕಾರಣವು ನಮಗೆ ಕಾಣದು.